ಹೆಸರು ಕರೆದರೆ ತಿರುಗದ ಮಗು

"ಈ ಗೇಟಿಗೆ ಬೀಗ ಹಾಕ್ತೀರಾ?"

ಶಾಲೆ ಶುರುವಾದ ಮೊದಲ ದಿನ ಮಗುವನ್ನು ಬಿಡಲು ಬಂದವರು ಯಾರೂ ಕೇಳದ ಪ್ರಶ್ನೆ ಅದು. ಮಗು ಅತ್ತರೆ ಏನು ಮಾಡುತ್ತೀರಿ, ಚಡ್ಡಿ ಒದ್ದೆ ಮಾಡಿಕೊಂಡರೆ ಬೈಯುವುದಿಲ್ಲ ತಾನೇ ಎಂದು ಉಳಿದ ತಾಯಂದಿರು ಟೀಚರ್ ಡೆಲಿಸಾಳನ್ನು ಮುತ್ತಿಕೊಂಡಿದ್ದರು. ಇವನೊಬ್ಬ ಬೀಗದ ವಿಷಯ ಎತ್ತಿದ್ದ.

ಡೆಲಿಸಾ ತಲೆ ಎತ್ತಿ ನೋಡಿದಳು. ಮೂವತ್ತರ ಆಸುಪಾಸಿನ ಗಂಡಸು. ಮೊಣಕೈವರೆಗೆ ಮೈದಾಹಿಟ್ಟಿನ ಬಿಳಿ ಅಂಟಿತ್ತು. ಅವನ ಕಿರುಬೆರಳು ಹಿಡಿದು ನಿಂತ ಹುಡುಗಿಗೆ ಇನ್ನೂ ಐದು ತುಂಬಿರಲಿಕ್ಕಿಲ್ಲ. ಅಂಗಳದ ತುಂಬ ಮಕ್ಕಳು ಅಳುತ್ತಿದ್ದರೂ ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

"ಹಾಕ್ತೀವಿ," ಎಂದಳು ಡೆಲಿಸಾ.

"ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರ."

"ಹಿಂದೆ ಬೇರೆ ಬಾಗಿಲು ಇದೆಯಾ?"

"ಮಗು ಬಿಡೋಕೆ ಬಂದಿದ್ದೀರಾ, ಇಲ್ಲ ಬಾಡಿಗೆಗೆ ಮನೆ ನೋಡೋಕಾ?"

ಪಕ್ಕದ ತಾಯಂದಿರು ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ಉತ್ತರಕ್ಕಾಗಿ ಕಾಯುತ್ತಲೇ ನಿಂತ. ಕೊನೆಗೆ ಡೆಲಿಸಾಳೇ ಸೋತು, ಹಿಂದಿನ ಬಾಗಿಲು ಚರ್ಚಿನೊಳಗೆ ಹೋಗುತ್ತದೆ ಎಂದು ಹೇಳಬೇಕಾಯಿತು.

ಯಾರಪ್ಪ ಇವನು... ಏನೋ ಸರಿಯಿಲ್ಲ!

ಕಮಿಗಿನ್ ದ್ವೀಪದ ಒಂದು ಊರಿನಲ್ಲಿ, ಚರ್ಚಿನ ಬೆನ್ನಿಗೆ ಅಂಟಿಕೊಂಡಂತಿದೆ ಸಾಂತಾ ಮೋನಿಕಾ ಶಿಶುವಿಹಾರ. ದೊಡ್ಡ ಶಾಲೆಗೆ ಸೇರುವ ಮೊದಲು ಮಕ್ಕಳು ಒಂದು ವರ್ಷ ಇಲ್ಲಿರುತ್ತಾರೆ. ಗುಂಡಿ ಹಾಕಿಕೊಳ್ಳುವುದು, ಸಾಲಿನಲ್ಲಿ ನಿಲ್ಲುವುದು, ಬಲಗೈಯಲ್ಲೇ ಶಿಲುಬೆಯ ಗುರುತು ಮಾಡುವುದು, ಅವಸರವಾದಾಗ ಬಾಯಿಬಿಟ್ಟು ಹೇಳುವುದು, ಎಲ್ಲಕ್ಕಿಂತ ಮುಖ್ಯವಾಗಿ ಗೇಟಿನ ಬಳಿ ಅಮ್ಮನ ಕೈ ಬಿಡುವುದು... ಇವನ್ನೆಲ್ಲ ಕಲಿಸುವುದು ಡೆಲಿಸಾಳ ಕೆಲಸ.

ಆ ವರ್ಷದ ಮಕ್ಕಳಲ್ಲಿ ಎಲ್ಲವನ್ನೂ ಬೇಗ ಕಲಿತವಳು ಆ ಹುಡುಗಿಯೇ. ಹೆಸರು ನೀನಾ. ಕರೆತಂದವನು ಕ್ರಿಸಾಂತೊ, ತಾನು ಅವಳ ಚಿಕ್ಕಪ್ಪ ಎಂದಿದ್ದ. ಪಕ್ಕದ ಬೋಹೊಲ್ ದ್ವೀಪದಿಂದ ಬಂದು ಬಂದರಿನ ಹತ್ತಿರದ ಬೇಕರಿಯಲ್ಲಿ ಕೆಲಸ ಹಿಡಿದಿದ್ದ.

ಆದರೆ ಒಂದು ವಿಷಯ ಡೆಲಿಸಾಳ ತಲೆ ಕೊರೆಯತೊಡಗಿತು. "ನೀನಾ" ಎಂದು ಕರೆದರೆ ಮಗು ತಿರುಗುತ್ತಿರಲಿಲ್ಲ. ಕಿವಿ ಚೆನ್ನಾಗಿಯೇ ಇತ್ತು. ಹೊರಗೆ ಐಸ್‌ಕ್ರೀಮ್ ಗಾಡಿಯ ಗಂಟೆ ಬಾರಿಸಿದರೆ ಎಲ್ಲರಿಗಿಂತ ಮೊದಲು ಕತ್ತು ಹೊರಳಿಸುತ್ತಿದ್ದವಳು ಅವಳೇ. ಹೆಸರು ಕರೆದಾಗ ಮಾತ್ರ ಬೇರೆ ಯಾರನ್ನೋ ಕರೆದರೆಂಬಂತೆ ಸುಮ್ಮನಿರುತ್ತಿದ್ದಳು. ಆಮೇಲೆ ಏನೋ ನೆನಪಾದವಳಂತೆ ಗಾಬರಿಯಿಂದ ಕೈ ಎತ್ತುತ್ತಿದ್ದಳು.

ಅವಳ ಜನ್ಮಪತ್ರ ಎಲ್ಲಿ ಎಂದು ಡೆಲಿಸಾ ಶಿಶುವಿಹಾರ ನಡೆಸುವ ಸಿಸ್ಟರ್ ಕಾನ್ಸೊಲಾಸಿಯೊನ್‌ರನ್ನು ಕೇಳಿದಳು. ವಯಸ್ಸಾದ ಸಿಸ್ಟರ್ ಕನ್ನಡಕ ಒರೆಸುತ್ತ, ಆ ಮಗುವಿನ ವಿಷಯ ನನಗೆ ಬಿಡು, ನೀನು ಪಾಠ ಮಾಡು ಎಂದಷ್ಟೇ ಹೇಳಿದರು.

ಅಂದರೆ ಮುಚ್ಚಿಡುವಂಥದ್ದು ಏನೋ ಇದೆ!

ಮುಚ್ಚಿಟ್ಟ ವಿಷಯಗಳೆಂದರೆ ಡೆಲಿಸಾಳಿಗೆ ಮೈ ಉರಿಯುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ನಗರದಲ್ಲಿ ಓದುತ್ತಿದ್ದಾಗ ಒಬ್ಬನನ್ನು ಮನಸಾರೆ ನಂಬಿದ್ದಳು. ಮದುವೆಯ ಮಾತು ಅಮ್ಮನ ಕಿವಿಗೆ ಬಿದ್ದ ಮೇಲೆ ಗೊತ್ತಾಗಿತ್ತು, ಅವನಿಗೆ ಆಗಲೇ ಹೆಂಡತಿ ಇದ್ದಾಳೆಂದು. ಅಂದಿನಿಂದ ಯಾವ ಗಂಡಸು ಸಮಯ ಹೇಳಿದರೂ ತನ್ನ ಗಡಿಯಾರವನ್ನೊಮ್ಮೆ ನೋಡಿಕೊಳ್ಳುವ ಸ್ವಭಾವ ಅವಳದಾಗಿತ್ತು.

ಕಷ್ಟವೇನೆಂದರೆ... ಈ ಕ್ರಿಸಾಂತೊ ಕೆಟ್ಟವನಂತೆ ಕಾಣುತ್ತಲೇ ಇರಲಿಲ್ಲ.

ಮಕ್ಕಳಿಗೆಂದು ಬಿಸಿಬಿಸಿ ಪಾಸ್ತೆಲ್ ಬನ್ನು ತಂದುಕೊಡುತ್ತಿದ್ದ. ಕೈ ತೊಳೆಯುವ ನಲ್ಲಿ ಮಕ್ಕಳಿಗೆ ಎಟಕುವುದಿಲ್ಲವೆಂದು ತಾನೇ ಹಲಗೆ ಜೋಡಿಸಿ ಮೆಟ್ಟಿಲು ಮಾಡಿಕೊಟ್ಟ. ನೀನಾಳ ಜಡೆ ಮಾತ್ರ ಅವನಿಗೆ ಒಲಿಯಲಿಲ್ಲ. ಒಂದು ಬೆಳಿಗ್ಗೆ ಡೆಲಿಸಾಳಿಗೆ ತಡೆಯಲಾಗಲಿಲ್ಲ. ಮಗುವನ್ನು ಮಡಿಲಿಗೆ ಎಳೆದುಕೊಂಡು, ಮೂರು ಎಳೆ ಹಿಡಿಯಬೇಕು, ನೀವು ಹಿಟ್ಟು ನಾದಿದ ಹಾಗೆ ನಾದಬಾರದು ಎಂದು ತೋರಿಸಿಕೊಟ್ಟಳು. ಅವನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಪರೀಕ್ಷೆಗೆ ಓದುವ ಹುಡುಗನಂತೆ ನೋಡುತ್ತಿದ್ದ. ಅವನ ಬೆರಳು ಅವಳ ಬೆರಳಿಗೆ ತಾಕಿತು. ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಂಡರು.

ಆ ದಿನವೆಲ್ಲ ಡೆಲಿಸಾಳ ಕೈಗೆ ಬೇಕರಿಯ ವಾಸನೆ ಅಂಟಿದಂತಿತ್ತು. ಬೇಡ ಡೆಲಿಸಾ, ಮತ್ತೆ ಅದೇ ಗುಂಡಿಗೆ ಬೀಳಬೇಡ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಬೆಳಿಗ್ಗೆ ಗೇಟಿನ ಕಡೆಗೇ ಕಣ್ಣು ಹೋಗುತ್ತಿತ್ತು.

ಒಮ್ಮೆ ಧೈರ್ಯ ಮಾಡಿ, ನೀನಾಳ ಅಮ್ಮ ಎಲ್ಲಿದ್ದಾರೆ ಎಂದು ಕೇಳಿಯೇಬಿಟ್ಟಳು. ಸೆಬು ನಗರದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ ಎಂದ. ಕೆಲವು ದಿನ ಕಳೆದು ಒಬ್ಬ ಹುಡುಗನ ಅಜ್ಜಿ ಅದೇ ಪ್ರಶ್ನೆ ಕೇಳಿದಾಗ, ತೀರಿಕೊಂಡಳು ಎಂದ. ಅದು ಡೆಲಿಸಾಳ ಕಿವಿಗೆ ಬಿತ್ತು.

ಒಂದೇ ಬಾಯಲ್ಲಿ ಎರಡು ಮಾತು! ಇದು ಯಾರ ಮಗು? ಎಲ್ಲಿಂದ ತಂದ?

ಮಗುವನ್ನೇ ಪಕ್ಕಕ್ಕೆ ಕರೆದು ಮೆಲ್ಲಗೆ ಅಮ್ಮನ ಬಗ್ಗೆ ಕೇಳಿದಳು. ನೀನಾ ತುಟಿಯ ಮೇಲೆ ಬೆರಳಿಟ್ಟುಕೊಂಡು ತಲೆ ಅಲ್ಲಾಡಿಸಿದಳು. ಯಾರೋ ಹಾಗೆ ಹೇಳಿಕೊಟ್ಟಿದ್ದರು.

ಜುಲೈನಲ್ಲಿ ಪೌಷ್ಟಿಕ ಆಹಾರದ ಮೆರವಣಿಗೆ ಬಂತು. ಮಕ್ಕಳೆಲ್ಲ ತರಕಾರಿಯ ವೇಷ ಹಾಕಿದರು. ನೀನಾ ಬದನೆಕಾಯಿಯಾಗಿದ್ದಳು. ಅವಳ ಫೋಟೊ ಮಾತ್ರ ತೆಗೆಯಬೇಡಿ ಎಂದು ಕ್ರಿಸಾಂತೊ ಎರಡೆರಡು ಸಲ ಬೇಡಿಕೊಂಡಿದ್ದ. ಆ ಬೇಡಿಕೆಯೇ ಡೆಲಿಸಾಳ ಅನುಮಾನಕ್ಕೆ ತುಪ್ಪ ಸುರಿದಂತಾಯಿತು. ಕದ್ದು ತಂದ ಮಗುವಾಗಿದ್ದರೆ? ಎಲ್ಲೋ ಒಬ್ಬ ತಾಯಿ ಹುಡುಕುತ್ತಿದ್ದರೆ?

ಅವಳು ಫೋಟೊ ತೆಗೆದಳು. ಊರಿನ ಹೆಸರಿನೊಂದಿಗೆ ಫೇಸ್‌ಬುಕ್‌ಗೆ ಹಾಕಿದಳು. ಮಗುವನ್ನು ಬಲ್ಲವರು ಯಾರಾದರೂ ಇದ್ದರೆ ನೋಡಲಿ ಎಂದೇ ಹಾಕಿದಳು.

ನೋಡಿದವನು ಬಂದ.

ಮುಂದಿನ ವಾರ ತಿಂಡಿಯ ಹೊತ್ತಿಗೆ ಗೇಟಿನ ಹೊರಗೆ ಒಬ್ಬ ನಿಂತಿದ್ದ. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ದೊಡ್ಡ ಗೊಂಬೆ. ತನ್ನ ಹೆಸರು ಎಫ್ರೆನ್, ಆ ಬದನೆಕಾಯಿ ವೇಷದ ಹುಡುಗಿ ತನ್ನ ಮಗಳು ಎಂದ. ತನ್ನ ಸ್ವಂತ ತಮ್ಮನೇ ಅವಳನ್ನು ಮನೆಯಿಂದ ಎತ್ತಿಕೊಂಡು ಓಡಿಹೋದ ಎನ್ನುತ್ತ ಕಣ್ಣೊರೆಸಿಕೊಂಡ. ಫೋನಿನಲ್ಲಿ ಮಗುವಿನ ಚಿತ್ರಗಳನ್ನು ತೋರಿಸಿದ. ತೊಟ್ಟಿಲಲ್ಲಿದ್ದದ್ದು, ಮೊದಲ ಹಲ್ಲು ಬಂದಾಗಿನದ್ದು. ಸಂಶಯವೇ ಇರಲಿಲ್ಲ, ಅವಳೇ.

"ನೀವು ಪುಣ್ಯಾತ್ಗಿತ್ತಿ ಟೀಚರ್. ನೀವು ಫೋಟೊ ಹಾಕದೆ ಇದ್ದಿದ್ರೆ ನನ್ನ ಮಗಳು ಸಿಗ್ತಿರಲಿಲ್ಲ," ಎಂದು ಕೈ ಮುಗಿದ.

ನನ್ನ ಅನುಮಾನ ನಿಜವಾಯಿತು ಎಂದುಕೊಂಡಳು ಡೆಲಿಸಾ. ಗೆದ್ದಂತೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬೀಗದ ಕೈ ತೆಗೆದಳು.

"ಹಸ್ಮಿನ್!" ಎಂದು ಆತ ಒಳಗೆ ನೋಡಿ ಕೂಗಿದ.

ಮಗು ಆ ಹೆಸರಿಗೆ ತಕ್ಷಣ ತಿರುಗಿತು.

ಯಾರ ಮನೆಯವರು ಬಂದರೂ ಮಕ್ಕಳು ಗೇಟಿನತ್ತ ಓಡುತ್ತಾರೆ. ಇವಳು ಓಡಲಿಲ್ಲ. ಅಳಲೂ ಇಲ್ಲ. ಮೆಲ್ಲಗೆ ಎದ್ದು, ಸದ್ದಾಗದಂತೆ ತನ್ನ ಚಪ್ಪಲಿಗಳನ್ನು ಕೈಗೆತ್ತಿಕೊಂಡು, ತರಗತಿಯ ಬಾಗಿಲ ಸಂದಿಗೆ ಸರಿದು, ಎರಡೂ ಅಂಗೈಗಳಿಂದ ಬಾಯಿ ಮುಚ್ಚಿಕೊಂಡು ನಿಂತಳು. ಎಷ್ಟೋ ಸಲ ಹಾಗೆ ನಿಂತು ಅಭ್ಯಾಸವಾದವಳ ಹಾಗೆ ನಿಂತಿದ್ದಳು.

ಇದನ್ನು ಯಾವ ಶಿಶುವಿಹಾರವೂ ಕಲಿಸುವುದಿಲ್ಲ. ಇದು ಮನೆಯಲ್ಲಿ ಕಲಿತದ್ದು.

ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡಳು. ಸಿಸ್ಟರ್ ಬರುವವರೆಗೆ ಕಾಯಬೇಕು ಎಂದಳು.

"ತೆಗಿ," ಎಂದ ಅವನು. ಆಗಿನ ಮೆದು ದನಿ ಅದಾಗಿರಲಿಲ್ಲ.

"ಆಗಲ್ಲ."

ಗೊಂಬೆ ಕೆಳಗೆ ಬಿತ್ತು. ಅವನು ಎರಡೂ ಕೈಯಲ್ಲಿ ಗೇಟು ಹಿಡಿದು ಅಲುಗಿಸತೊಡಗಿದ. ಬಾಯಲ್ಲಿ ಬರಬಾರದ ಮಾತುಗಳು ಬಂದವು. ಡೆಲಿಸಾ ಮಗುವನ್ನು ಸೊಂಟಕ್ಕೇರಿಸಿಕೊಂಡಳು. ಉಳಿದ ಮಕ್ಕಳಿಗೆ ಸಾಲು ಕಟ್ಟಲು ಹೇಳಿ, ಹಿಂದಿನ ಬಾಗಿಲಿನಿಂದ ಚರ್ಚಿನೊಳಗೆ ನಡೆಸಿಕೊಂಡು ಹೋದಳು. ಸಾಲು ಎಲ್ಲೂ ಮುರಿಯಲಿಲ್ಲ. ಒಳಗಿನಿಂದ ಅಗುಳಿ ಹಾಕಿ, ಮಕ್ಕಳನ್ನು ಒಬ್ಬೊಬ್ಬರಾಗಿ ಎಣಿಸಿದಳು.

ಅಷ್ಟರಲ್ಲಿ ಗಲಾಟೆ ಕೇಳಿ ಸಿಸ್ಟರ್ ಪೊಲೀಸರಿಗೆ ಫೋನು ಮಾಡಿದ್ದರು. ಸುದ್ದಿ ಮುಟ್ಟಿ ಕ್ರಿಸಾಂತೊ ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದ. ಅಣ್ಣನ ಹೊಡೆತಗಳನ್ನು ತಿನ್ನುತ್ತ, ಪೊಲೀಸರು ಬರುವ ತನಕ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದನಂತೆ. ತಿರುಗಿ ಒಂದು ಏಟೂ ಹೊಡೆಯಲಿಲ್ಲವಂತೆ.

ಉಳಿದದ್ದನ್ನು ಸಿಸ್ಟರ್ ಹೇಳಿದರು. ಎಫ್ರೆನ್ ಹೆಂಡತಿಯನ್ನು ಹೊಡೆದು ಹೊಡೆದು ಕೊನೆಗೆ ಆಸ್ಪತ್ರೆಗೆ ಸೇರಿಸಿದ್ದ. ಆಕೆಯ ಹೆಸರು ಮರಿಸೆಲ್. ಈಗ ಸೆಬುವಿನಲ್ಲಿ ಸನ್ಯಾಸಿನಿಯರ ಆಶ್ರಯದಲ್ಲಿ ಚೇತರಿಸಿಕೊಳ್ಳುತ್ತಿದ್ದಳು. ತಾಯಿ, ಮಗು ಇಬ್ಬರ ಹತ್ತಿರವೂ ಅವನು ಸುಳಿಯಬಾರದೆಂದು ನ್ಯಾಯಾಲಯ ಹೇಳಿತ್ತು. ಆದರೂ ಅವನು ಹುಡುಕುವುದು ಬಿಟ್ಟಿರಲಿಲ್ಲ. ಅದಕ್ಕೇ ಮರಿಸೆಲ್ ಮಗಳನ್ನು ಮೈದುನನ ಕೈಗೆ ಒಪ್ಪಿಸಿದ್ದಳು. ಗೊತ್ತಿರುವವರು ಕಡಿಮೆಯಾದಷ್ಟೂ ಒಳ್ಳೆಯದೆಂದು ಸಿಸ್ಟರ್ ಬಾಯಿ ಬಿಟ್ಟಿರಲಿಲ್ಲ. ನಿನಗಾದರೂ ಹೇಳಬೇಕಿತ್ತು ಮಗಳೇ ಎನ್ನುತ್ತ ಅವರು ಕಣ್ಣು ತುಂಬಿಕೊಂಡರು.

ಕ್ರಿಸಾಂತೊ ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದ. ಹುಬ್ಬು ಒಡೆದಿತ್ತು. ಮಗು ಅವನ ಎದೆಗೆ ಅಂಟಿಕೊಂಡಿತ್ತು. ಡೆಲಿಸಾ ಒದ್ದೆ ಬಟ್ಟೆ ಹಿಡಿದು ಎದುರು ನಿಂತಳು. ಹೇಳದೆ ಇರಬಹುದಿತ್ತು. ಆದರೆ ಇನ್ನೊಂದು ಸುಳ್ಳು ಅವಳಿಗೆ ಬೇಡವಾಗಿತ್ತು.

"ಫೋಟೊ ಹಾಕಿದ್ದು ನಾನು. ಬೇಕಂತಲೇ ಹಾಕಿದ್ದು."

ಅವನು ತಲೆ ಎತ್ತಿದ.

"ನನ್ನನ್ನೇ ಕೇಳಬಹುದಿತ್ತು," ಎಂದ.

"ಕೇಳಿದ್ದೆ. ಸುಳ್ಳು ಹೇಳಿದ್ರಿ."

ಒದ್ದೆ ಬಟ್ಟೆಯನ್ನು ಅವನು ತೆಗೆದುಕೊಳ್ಳಲೇ ಇಲ್ಲ. ಅಂದು ಮಧ್ಯಾಹ್ನದ ಹಡಗಿನಲ್ಲಿ ಮಗುವನ್ನು ಕರೆದುಕೊಂಡು ಹೊರಟುಹೋದ. ಎಲ್ಲಿಗೆಂದು ಸಿಸ್ಟರಿಗೂ ಹೇಳಲಿಲ್ಲ.

ಆಮೇಲಿನ ತಿಂಗಳುಗಳು ಡೆಲಿಸಾಳಿಗೆ ಸಾಕುಸಾಕಾದವು. ತರಗತಿಯಲ್ಲಿ ಎಂದಿನಂತೆ ಗುಂಡಿ ಹಾಕಿಸಿದಳು, ಹಾಡು ಹೇಳಿಸಿದಳು. ಒಳಗೆ ಮಾತ್ರ ಒಂದೇ ಪ್ರಶ್ನೆ. ಆ ದಿನ ಗೇಟು ತೆಗೆದುಬಿಟ್ಟಿದ್ದರೆ?

ಡಿಸೆಂಬರಿನಲ್ಲಿ ಬೇಕರಿಯ ಹೆಂಗಸೊಬ್ಬಳು ಸುದ್ದಿ ತಂದಳು. ಎಫ್ರೆನ್‌ಗೆ ಜೈಲಾಯಿತಂತೆ. ಕ್ರಿಸಾಂತೊ ಬೋಹೊಲ್‌ನಲ್ಲಿ ಅತ್ತಿಗೆಯ ಜೊತೆಗೇ ಇದ್ದಾನಂತೆ. "ಜೊತೆಗೇ" ಎನ್ನುವಾಗ ಆಕೆ ಕಣ್ಣು ಮಿಟುಕಿಸಿದಳು.

ಡೆಲಿಸಾಳ ಹಳೆಯ ರೋಗ ಮರುಕಳಿಸಿತು. ಬರೀ ಅತ್ತಿಗೆಗಾಗಿ ಯಾರಾದರೂ ಕೆಲಸ, ಊರು ಎಲ್ಲ ಬಿಡುತ್ತಾರಾ? ಅವಳ ಮಗುವಿಗೆ ಜಡೆ ಹಾಕಲು ಕಲಿಯುತ್ತಾರಾ? ಅವನು ಪ್ರೀತಿಸುತ್ತಿದ್ದದ್ದು ಮರಿಸೆಲ್‌ಳನ್ನೇ ಇರಬೇಕು... ತಾನು ಯಾರು ಕೇಳಲಿಕ್ಕೆ?

ಮಾರ್ಚ್ ಕೊನೆಯಲ್ಲಿ ಮಕ್ಕಳನ್ನು ದೊಡ್ಡ ಶಾಲೆಗೆ ಕಳುಹಿಸಿಕೊಡುವ ಸಮಾರಂಭ. ಪುಟ್ಟ ಪುಟ್ಟ ಬಿಳಿ ನಿಲುವಂಗಿ ತೊಟ್ಟ ಮಕ್ಕಳ ಟೋಪಿ ಸರಿಮಾಡುತ್ತಿದ್ದ ಡೆಲಿಸಾಳ ಕೊರಳಿಗೆ ಹಿಂದಿನಿಂದ ಎರಡು ಕೈಗಳು ಬಿದ್ದವು.

"ಟೀಚರ್, ನಂಗೂ ಟೋಪಿ ಕೊಡಿ."

ಹಸ್ಮಿನ್! ಮುಂದಿನ ಹಲ್ಲು ಬಿದ್ದಿತ್ತು. ಎತ್ತರವಾಗಿದ್ದಳು. ಅವಳ ಹಿಂದೆ ತೆಳ್ಳನೆಯ ಹೆಂಗಸು, ಪಕ್ಕದಲ್ಲಿ ಕ್ರಿಸಾಂತೊ. ಮೂವರೂ ಒಂದೇ ಮನೆಯವರಂತೆ ಕಂಡರು. ಡೆಲಿಸಾ ನಕ್ಕಳು. ಆ ನಗು ಎಷ್ಟು ಕಷ್ಟದ್ದೆಂದು ಅವಳಿಗೊಬ್ಬಳಿಗೇ ಗೊತ್ತು.

ಮರಿಸೆಲ್ ಅವಳ ಎರಡೂ ಕೈ ಹಿಡಿದುಕೊಂಡಳು. ಮಗಳು ಈ ಟೋಪಿಗಾಗಿ ತಿಂಗಳಿಡೀ ಹಟ ಹಿಡಿದಿದ್ದಳೆಂದೂ, ತಾನೀಗ ತಾಯಿಯ ಮನೆಯಲ್ಲಿದ್ದು ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಹೋಗುತ್ತಿರುವುದಾಗಿಯೂ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು.

"ನಮ್ಮ ಕೇಸು ಮುಗಿಯೋವರೆಗೂ ಇವನು ನಮ್ಮ ಬಾಗಿಲು ಕಾದ. ಈಗ ಇವನನ್ನ ಹಡಗು ಹತ್ತಿಸೋಷ್ಟರಲ್ಲಿ ನನಗೆ ಸಾಕಾಯ್ತು. ಹೆದರ್ತಾನೆ ಇವನು, ನಿಮಗೆ."

ಸಮಾರಂಭ ಮುಗಿದು ಎಲ್ಲರೂ ಊಟಕ್ಕೆ ಸೇರಿದಾಗ ಕ್ರಿಸಾಂತೊ ಬಂದು ಡೆಲಿಸಾಳ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂತ. ಮಕ್ಕಳ ಕುರ್ಚಿ, ಮೊಣಕಾಲು ಎದೆಗೆ ಬಂತು.

"ಬೇಕರಿಯವರು ಮತ್ತೆ ಕರೆದಿದ್ದಾರೆ," ಎಂದ.

"ಅದಕ್ಕೆ ಬಂದ್ರಾ?"

"ಅಲ್ಲ."

ಅವಳ ಕೈಯಲ್ಲಿದ್ದ ಪ್ಯಾನ್ಸಿತ್ ಶಾವಿಗೆಯ ತಟ್ಟೆ ಹಾಗೇ ಆರುತ್ತಿತ್ತು.

"ಹೋಗುವಾಗ ನಿಮ್ಮ ಮೇಲೆ ಕೋಪ ಇತ್ತು. ತುಂಬಾನೇ ಇತ್ತು. ಆಮೇಲೆ ಹಸ್ಮಿನ್ ಹೇಳಿದಳು, ಟೀಚರ್ ನನ್ನ ಎತ್ತಿಕೊಂಡಾಗ ಅವರ ಎದೆ ಡಬಡಬ ಅಂತಿತ್ತು, ಆದ್ರೂ ಬೀಗ ತೆಗೀಲಿಲ್ಲ ಅಂತ. ಅವತ್ತಿಂದ ಕೋಪ ಎಲ್ಲಿ ಹೋಯ್ತೋ... ಬರೀ ನಿಮ್ಮ ನೆನಪು ಉಳೀತು."

ಡೆಲಿಸಾಳ ಕಣ್ಣು ಮಂಜಾಯಿತು. ಆದರೂ ಕೇಳದೆ ಇರಲಾಗಲಿಲ್ಲ.

"ಮರಿಸೆಲ್..."

"ಅತ್ತಿಗೆ. ಚಿಕ್ಕಂದಿನಿಂದ್ಲೂ ಅಣ್ಣ ನನ್ನೂ ಹೊಡೀತಿದ್ದ. ಮದುವೆಯಾಗಿ ಬಂದ ಮೇಲೆ ಅಡ್ಡ ನಿಲ್ತಿದ್ದದ್ದು ಅವರೊಬ್ಬರೇ. ಬೇರೇನೂ ಇಲ್ಲ. ನನ್ನ ಬಗ್ಗೆ ಏನು ಕೇಳಬೇಕೋ ಇವತ್ತು ಕೇಳಿ, ಒಂದೂ ಸುಳ್ಳು ಹೇಳಲ್ಲ."

"ನಂದು ಅನುಮಾನದ ಬುದ್ಧಿ. ಇವತ್ತು ಕೇಳಿದ್ದನ್ನೇ ನಾಳೆನೂ ಕೇಳ್ತೀನಿ."

"ನಾಳೆನೂ ಹೇಳ್ತೀನಿ."

"ನಾಡಿದ್ದೂ ಕೇಳ್ತೀನಿ."

"ದಿನಾ ಕೇಳೋದಾದ್ರೆ..." ಅವನು ತನ್ನ ಅಂಗೈ ನೋಡಿಕೊಂಡ. "ಇಬ್ಬರೂ ಒಂದೇ ಮನೇಲಿದ್ರೆ ನಿಮಗೆ ಸುಲಭ ಆಗುತ್ತೆ."

ಅವಳು ತಟ್ಟೆ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು. ಹುಡುಕಿದಳು. ಮುಚ್ಚಿಟ್ಟದ್ದು ಏನೂ ಸಿಗಲಿಲ್ಲ.

"ನಮ್ಮಮ್ಮ ನನಗಿಂತ ಜಾಸ್ತಿ ಪ್ರಶ್ನೆ ಕೇಳ್ತಾಳೆ," ಎಂದಳು. "ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಮನೆಗೆ ಬನ್ನಿ."

"ಬರಲಾ?"

"ಬಾ," ಎಂದಳು ಡೆಲಿಸಾ.