ಎರಡೂ ಟ್ಯೂಬಿಗೆ ಫಾರ್ಮಲಿನ್

ನಾನು ತೊಳೆದಿಟ್ಟ ಬಾಟಲಿಯನ್ನು ಇನ್ನೊಮ್ಮೆ ತೊಳೆದ ಗಂಡಸು ನಮ್ಮ ಲ್ಯಾಬಿನಲ್ಲಿ ಅವರೊಬ್ಬರೇ.

"ಯಾಕ್ರೀ, ನಾನು ತೊಳೆದದ್ದು ನಿಮಗೆ ಎಂಜಲಾ?" ಅಂದೆ.

ಅವರು ನಲ್ಲಿ ನಿಲ್ಲಿಸಿ ತಿರುಗಿದರು. ಹೊಸದಾಗಿ ಸೇರಿದ ಸಂಶೋಧಕರು, ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ವಯಸ್ಸು ನಲವತ್ತಾರಿರಬಹುದು, ಕಿವಿಯ ಹತ್ತಿರ ನರೆ, ಮೊಣಕೈವರೆಗೆ ಒದ್ದೆ.

"ಅಭ್ಯಾಸ ರೀ. ಮನೇಲಿ ಒಬ್ಬನೇ ಅಲ್ವಾ, ನನ್ನ ತಟ್ಟೆ ನಾನೇ ಎರಡು ಸಲ ತೊಳೀತೀನಿ."

"ಇಲ್ಲಿ ನೀವೊಬ್ಬರೇ ಅಲ್ಲ. ನಾನಿದ್ದೀನಿ."

ಅಂದುಬಿಟ್ಟೆ. ಅಂದ ಮೇಲೆ ಕಿವಿ ಬಿಸಿಯಾಯಿತು. ಅವರು ನಗು ತಡೆದುಕೊಂಡದ್ದು ಕಂಡು ಇನ್ನಷ್ಟು ರೇಗಿತು.

ಊರ ಶಾಲೆಯಲ್ಲಿ ಓದಿ, ಟೆಕ್ನಿಷಿಯನ್ ಕೋರ್ಸ್ ಮುಗಿಸಿ ಈ ಮೇಜಿಗೆ ಬಂದು ಕೂತವಳು ನಾನು. ಇಪ್ಪತ್ತೊಂದು ವರ್ಷವಾಯಿತು. ಲ್ಯಾಬಿನವರು ಬೆನ್ನ ಹಿಂದೆ ನನ್ನನ್ನು ಸಿಡಿಲಕ್ಕ ಅನ್ನುತ್ತಾರೆ. ಈ ಹೊಸಬರಿಗೆ ನಿಧಾನಪ್ಪ ಅಂತ ಹೆಸರಿಟ್ಟದ್ದು ನಾನೇ. ಬೇರೆಯವರು ನಾಲ್ಕು ಟ್ಯೂಬು ಮುಗಿಸುವಷ್ಟರಲ್ಲಿ ಅವರ ಪಿಪೆಟ್ಟು ಒಂದರಲ್ಲೇ ಇರುತ್ತಿತ್ತು.

ನಮ್ಮ ಕೆಲಸ ಹುಟ್ಟದೇ ಹೋದ ಮಕ್ಕಳ ಜೀವಕೋಶಗಳ ಮೇಲೆ. ಗರ್ಭ ನಿಲ್ಲದೇ ಹೋದ ತಾಯಂದಿರಲ್ಲಿ ಕೆಲವರು ಸಹಿ ಹಾಕಿ ಕೊಡುತ್ತಾರೆ. ನರ್ಸ್ ಐಸ್ ಪೆಟ್ಟಿಗೆ ತಂದಿಟ್ಟ ದಿನ ನಾನೂ ಗಟ್ಟಿಯಾಗಿ ಮಾತಾಡುವುದಿಲ್ಲ.

ಭ್ರೂಣದ ಯಕೃತ್ತಿನಲ್ಲಿ ಒಂದು ಜಾತಿಯ ರಕ್ಷಣಾ ಕೋಶಗಳಿರುತ್ತವೆ. ಯಾರೂ ಕಲಿಸದೆ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತವೆ. ಟಿ ಕೋಶಗಳು ಅನ್ನುವ ಇನ್ನೊಂದು ಜಾತಿಯವು ಹಾಗಲ್ಲ. ಮೈಮೇಲೆ ರಿಸೆಪ್ಟರ್ ಇಟ್ಟುಕೊಂಡು, ಅದರಿಂದ ಗುರುತು ಹಿಡಿದ ಮೇಲೇ ಕೈ ಎತ್ತುತ್ತವೆ. ಈ ಕೊಲ್ಲುವ ಕೋಶಗಳಿಗೂ ಆ ರಿಸೆಪ್ಟರ್ ಇದೆಯಾ? ನಿಧಾನಪ್ಪನವರ ಪ್ರಶ್ನೆ ಅದೇ.

ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪು ನಮ್ಮಲ್ಲಿತ್ತು. ತಲೆಗೆ ತಲೆ ತಾಗುವಷ್ಟು ಹತ್ತಿರ ಕೂರಬೇಕು.

"ನೋಡ್ರೀ, ಥೇಟ್ ನಿಮ್ಮ ಹಾಗೇ ಇವು" ಅಂದರು ಒಂದು ದಿನ. "ಗುರುತು ಪರಿಚಯ ಕೇಳಲ್ಲ. ನೇರ ಮೇಲೆ ಬೀಳ್ತವೆ."

"ನಿಮ್ಮ ಮೇಲೆ ಇನ್ನೂ ಬಿದ್ದಿಲ್ಲವಲ್ಲ."

"ಅದನ್ನೇ ಕಾಯ್ತಿದೀನಿ."

ಅವರು ಗಾಜಿನಿಂದ ಕಣ್ಣು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಂದೇ ಬೆಳಕಿನ ಚುಕ್ಕೆಗಳನ್ನು ಇಬ್ಬರೂ ನೋಡುತ್ತಾ ಕೂತೆವು. ಏನು ನೋಡಿದೆ ಅಂತ ಕೇಳಿದರೆ ಇವತ್ತಿಗೂ ಹೇಳಲಾರೆ. ಅವರ ಅಂಗಿಯ ಸೋಪಿನ ವಾಸನೆ ಮಾತ್ರ ನೆನಪಿದೆ.

ನಾನಿರುವುದು ಅಣ್ಣನ ಮನೆಯಲ್ಲಿ. ಅತ್ತಿಗೆಯ ಕಣ್ಣು ಸೂಜಿ.

"ಏನೇ, ಎರಡು ತಿಂಗಳಿಂದ ಯಾರ ಜೊತೆಗೂ ಜಗಳ ಆಡಿಲ್ಲ ನೀನು. ಯಾರೇ ಅವನು?"

"ಸುಮ್ನಿರಿ ಅತ್ತಿಗೆ."

"ಓ, ಸುಮ್ನಿರಿ ಅನ್ನೋದೂ ಮೆತ್ತಗಾಗಿದೆ!"

ಅವರ ನೇಮಕ ಒಂದೇ ವರ್ಷದ್ದು. ರಿಸೆಪ್ಟರ್ ಕೆಲಸ ಪೂರ್ತಿಯಾದರೆ ಮುಂದುವರಿಸುತ್ತೇನೆ ಅಂತ ಮುಖ್ಯಸ್ಥೆ, ನಮ್ಮ ದೊಡ್ಡ ಮೇಡಂ, ಹೇಳಿದ್ದರು. "ಉಳಿಸಿಕೊಂಡ್ರೆ ನಿಮ್ಮಣ್ಣನ್ನ ಬಂದು ನೋಡ್ಬೇಕು ಅಂತಿದೀನಿ" ಅಂದರು ನಿಧಾನಪ್ಪ. "ಯಾಕೆ, ಅವನಿಗೇನು ಕೋಡು ಬಂದಿದೆಯಾ?" ಅಂದೆ. ಅವತ್ತು ಮನೆಗೆ ನಡೆದೇ ಹೋದೆ, ಬಸ್ಸು ಬಂದರೂ ಹತ್ತಲಿಲ್ಲ.

ಕೋಶಗಳ ಮೈಮೇಲೆ ರಿಸೆಪ್ಟರ್ ಇದ್ದರೆ ನಾವು ಹಚ್ಚಿದ ಬಣ್ಣ ಹಿಡಿದು ಯಂತ್ರದಲ್ಲಿ ಹೊಳೆಯಬೇಕು. ನಾನೇ ಹಚ್ಚಿದ್ದೆ. ಒಂದೂ ಹೊಳೆಯಲಿಲ್ಲ. ಮರುದಿನದ ಮೀಟಿಂಗಿನಲ್ಲಿ ಅವರು ಎದ್ದು ನಿಂತು, "ಈ ಬಣ್ಣದ ಮೇಲೆ ತೀರ್ಮಾನಕ್ಕೆ ಬರೋಕಾಗಲ್ಲ ಮೇಡಂ" ಅಂದರು.

ಅಷ್ಟೇ ಕೇಳಿದ್ದು ನಾನು. ಎಲ್ಲರೆದುರು ನನ್ನ ಕೈಕೆಲಸ ಆಡಿಕೊಂಡ ಅಂತ ಮೈಯೆಲ್ಲ ಉರಿಯಿತು. ಬಾಗಿಲು ದಡಾರನೆ ಎಳೆದುಕೊಂಡು ಹೊರಗೆ ಬಂದೆ.

ನನ್ನ ಮೇಜಿನ ಮೇಲೆ ಎರಡು ಟ್ಯೂಬುಗಳಿದ್ದವು. ಒಬ್ಬ ತಾಯಿ ಕೊಟ್ಟದ್ದರಿಂದ ಏಳು ವಾರ ಸಾಕಿ ಬೆಳೆಸಿದ ಕೋಶಗಳು. ಒಂದಕ್ಕೆ, ಕೋಶಗಳನ್ನು ಕೊಂದು ಇದ್ದ ಹಾಗೇ ಹಿಡಿದಿಡುವ ಫಾರ್ಮಲಿನ್ ಹಾಕಿ, ತೂತು ಮಾಡಿ ಒಳಗೆ ನೋಡಬೇಕು. ಇನ್ನೊಂದು ಬದುಕಿರಬೇಕು, ಆ ಕೋಶಗಳನ್ನು ಕ್ಯಾನ್ಸರ್ ಕೋಶಗಳ ಜೊತೆ ಬಿಟ್ಟು, ಕೊಲ್ಲುತ್ತವಾ ನೋಡಬೇಕು. ಇಪ್ಪತ್ತೊಂದು ವರ್ಷ ಮಾಡಿದ ಕೆಲಸ. ಆದರೆ ಮನಸ್ಸು ಆ ಮನುಷ್ಯನ ಜೊತೆ ಜಗಳ ಆಡುತ್ತಿತ್ತು. ಕೈ ತನ್ನಷ್ಟಕ್ಕೆ ಸುರಿಯಿತು. ಮೂಗಿಗೆ ಘಾಟು ಹೊಡೆದಾಗ ನೋಡಿದೆ: ಎರಡಕ್ಕೂ.

ಹಿಂದೆಯೇ ಅವರು ಬಂದರು. "ಏನ್ರೀ, ಪೂರ್ತಿ ಕೇಳಬಾರದಾ? ನಿಮ್ಮ ಬಣ್ಣ ಸರಿಯಾಗೇ ಇದೆ. ನಾವು ನೋಡಿದ್ದು ಹೊರಗಡೆ ಮಾತ್ರ, ಇವತ್ತು ಒಳಗೂ ನೋಡಿದ ಮೇಲೇ ತೀರ್ಮಾನ ಅಂತ..." ಅಷ್ಟರಲ್ಲಿ ಟ್ಯೂಬು ಕಂಡರು. ನನ್ನ ಮುಖ ನೋಡಿದರು.

ದೊಡ್ಡ ಮೇಡಂ ಬಾಗಿಲಲ್ಲಿ ನಿಂತಿದ್ದರು. "ಏನಿದು ಘಾಟು? ಬದುಕಿರಬೇಕಾದ ಟ್ಯೂಬಿಗೂ ಹಾಕಿದ್ಯಾರು?"

"ನಾನು" ಅಂದರು ನಿಧಾನಪ್ಪ.

ಅಂದು, ನನ್ನ ಕಡೆ ತಿರುಗಿ ನಿಂತರು.

ಹುಟ್ಟಿದಾಗಿನಿಂದ ಮುಚ್ಚಿರದ ಬಾಯಿ ಅವತ್ತು ಮುಚ್ಚಿಕೊಂಡಿತು. ಹೇಳಿದರೆ "ಊರ ಶಾಲೆಯವಳು, ಇನ್ನೇನು" ಅಂದಾರು ಅಂತ ಭಯ. ಕೆಲಸ ಹೋದೀತು ಅಂತ ಭಯ. ಅವರ ಶೂಗಳು ನನ್ನ ಕಡೆಯಿಂದ ತಿರುಗುವವರೆಗೂ ನಾನು ನೆಲ ನೋಡುತ್ತಾ ನಿಂತೆ.

ಫಾರ್ಮಲಿನ್ ಹಾಕಿದ ಕೋಶಗಳ ಒಳಗೆ ಬಣ್ಣ ಹಚ್ಚಿ ನೋಡಿದಾಗ ಹೊಳೆದವು. ರಿಸೆಪ್ಟರನ್ನು ಕಟ್ಟುವ ತುಂಡುಗಳಲ್ಲಿ ಕೆಲವು ಒಳಗೆ ಇದ್ದವು, ಮೇಲಕ್ಕೆ ಮಾತ್ರ ಬಂದಿರಲಿಲ್ಲ. ಪರದೆಯ ಮುಂದೆ ಇಬ್ಬರೂ ನಿಂತಿದ್ದೆವು, ನಡುವೆ ಒಂದು ಕುರ್ಚಿ. ಆದರೆ ಇವೇ ಕೋಶಗಳು ಕೊಲ್ಲುತ್ತವೆ ಅಂತ ತೋರಿಸಲು ಬದುಕಿದ್ದ ಟ್ಯೂಬು ಇರಲಿಲ್ಲ. ಹೊಸದಾಗಿ ಏಳು ವಾರ ಸಾಕುವಷ್ಟು ದಿನ ಅವರ ವರ್ಷದಲ್ಲಿ ಉಳಿದಿರಲಿಲ್ಲ. ಕೆಲಸ ಅರ್ಧಕ್ಕೆ ನಿಂತಿತು, ಅವರ ನೇಮಕವೂ ಮುಗಿಯಿತು.

"ಬರ್ತೀನಿ ರೀ" ಅಂದರು ಕೊನೆಯ ದಿನ.

"ಹೂಂ" ಅಂದೆ. ಅಷ್ಟೇ.

ಅವರು ಹೋದ ಮೇಲೆ ನಾಲ್ಕು ತಿಂಗಳು ಸರಿಯಾಗಿ ನಿದ್ದೆ ಬರಲಿಲ್ಲ. ಒಂದು ಬೆಳಿಗ್ಗೆ ದೊಡ್ಡ ಮೇಡಂ ಕೋಣೆಗೆ ನುಗ್ಗಿ ಎಲ್ಲವನ್ನೂ ಕಕ್ಕಿದೆ. ಅವರು ಕನ್ನಡಕ ತೆಗೆದಿಟ್ಟರು. "ಈಗ ಹೇಳ್ತಿದ್ದೀರಲ್ಲಮ್ಮ. ಆ ಜಾಗಕ್ಕೆ ಬೇರೆಯವರು ಬಂದಾಯ್ತು. ಕೈತಪ್ಪು ಯಾರಿಗೂ ಆಗುತ್ತೆ. ಅವತ್ತೇ ಹೇಳಿದ್ರೆ ಇಬ್ಬರಿಗೂ ಒಂದಿಷ್ಟು ಬೈದು, ಮುಂದಿನ ಕೆಲಸ ನೋಡಿ ಅಂತಿದ್ದೆ."

ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಅವರಿಗೆ ಫೋನ್ ಮಾಡಿದೆ.

"ಮೇಡಂಗೆ ಹೇಳಿಬಿಟ್ಟೆ. ಮಾಡಿದ್ದು ನಾನು ಅಂತ."

"ಒಳ್ಳೇದಾಯ್ತು ರೀ."

"ನೀವ್ಯಾಕೆ ಮೈಮೇಲೆ ಹಾಕ್ಕೊಂಡ್ರಿ? ನನ್ನನ್ನ ಉಳಿಸಿ ಅಂತ ಕೇಳಿದ್ನಾ?"

ಅವರು ಎಂದಿನಂತೆ ನಿಧಾನ ಮಾಡಿದರು.

"ಉಳಿಸೋಕೆ ಅಲ್ಲ ರೀ. 'ನಾನು' ಅಂದ ತಕ್ಷಣ ನೀವು ನನ್ನ ಮೇಲೆ ಹರಿಹಾಯ್ತೀರಿ ಅಂದ್ಕೊಂಡಿದ್ದೆ. 'ಯಾರ್ರೀ ಹೇಳಿದ್ದು ನಿಮಗೆ, ಹಾಕಿದ್ದು ನಾನು' ಅಂತ. ಆಮೇಲೆ ಇಬ್ಬರೂ ಸೇರಿ ಬೈಸಿಕೊಳ್ಳೋಣ ಅಂತ. ಕಾದೆ. ಕೊನೇ ದಿನ ಗೇಟಿನ ಹತ್ರವೂ ಕಾದೆ."

ಮೆಟ್ಟಿಲ ಕಂಬಿ ಬಿಗಿಯಾಗಿ ಹಿಡಿದುಕೊಂಡೆ.

"ನನ್ನ ಮೇಲೆ ಸಿಟ್ಟಿದೆಯಾ?"

"ಇತ್ತು ರೀ, ತುಂಬಾನೇ ಇತ್ತು. ಈಗ ಇಲ್ಲ." ಎಷ್ಟು ಮೆತ್ತಗೆ ಹೇಳಿದರು! "ನಿಜವಾಗ್ಲೂ ಇಲ್ಲ."

ಸಿಟ್ಟಿದ್ದಿದ್ದರೆ ಜಗಳ ಆಡುತ್ತಿದ್ದೆ. ಜಗಳ ಆಡಿ, ಅತ್ತು, ಬಸ್ಸು ಹತ್ತಿ ಅವರ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದೆ. ಸಿಟ್ಟು ಆರಿಹೋದವರ ಹತ್ತಿರ ಏನು ಹಿಡಿದುಕೊಂಡು ಹೋಗಲಿ?

"ಹುಷಾರಾಗಿರಿ" ಅಂದರು.

"ನೀವೂ" ಅಂದೆ.

ಆ ಕಡೆ ಅವರ ಉಸಿರು ಕೇಳುತ್ತಿತ್ತು. ಅವರೇ ಫೋನ್ ಇಡಲಿ ಅಂತ ನಾನು ಕಾದೆ. ಅವರು ಇಡಲಿಲ್ಲ. ಇನ್ನೊಂದು ಮಾತು ಬಂದೀತು ಅಂತ ಕಾಯುತ್ತಿದ್ದರೋ ಏನೋ. ಆ ಮಾತು ನನ್ನ ಗಂಟಲವರೆಗೂ ಬಂದಿತ್ತು.

ಫೋನ್ ಇಟ್ಟವಳು ನಾನೇ.