ಎರಡು ಸಲ ಕಳೆದ ಚಳಿ

“ಯಾವ ಭಾಗ ಬೇಕು, ಮೇಡಂ?”

ಬಿಡಿಭಾಗಗಳ ಉಗ್ರಾಣದ ಕಿಟಕಿಯಾಚೆಯಿಂದ ಬಂದ ಆ ‘ಮೇಡಂ’ ಅವಳ ಎದೆಗೆ ಚುಚ್ಚಿತು. ಒಂದು ಕಾಲದಲ್ಲಿ ಇದೇ ಬಾಯಿ ಅವಳನ್ನು ‘ದಶಾಂಶ’ ಎಂದು ರೇಗಿಸುತ್ತಿತ್ತು. ಚುಕ್ಕಿಯ ಮುಂದಿನ ಅಂಕಿಗೂ ಜಗಳ ಕಾಯುವವಳು ಎಂದು!

ಆಗ ಅವನು ಜೆಟ್ ಎಂಜಿನ್ನಿನ ವಿನ್ಯಾಸಕಾರ. ಅವಳು ಅದರ ಬಲದ ಲೆಕ್ಕ ಹಾಕುವ ಗಣಿತಜ್ಞೆ. ಇಬ್ಬರ ಮದುವೆ ಮಾತೂ ಮುಗಿದಿತ್ತು.

ಚಳಿಯ ಗಾಳಿಯಲ್ಲಿ ಎಂಜಿನ್ ತನ್ನ ಯೋಗ್ಯತೆಗಿಂತ ಹೆಚ್ಚು ಬಲ ತೋರಿಸುತ್ತದೆ. ಆ ಹೆಚ್ಚಳವನ್ನು ಕಳೆದು ನೋಡುವುದು ಪದ್ಧತಿ. ಅವನ ಎಂಜಿನ್ ಪರೀಕ್ಷೆ ನಡೆದದ್ದು ಕೊರೆಯುವ ಚಳಿಯಲ್ಲಿ. ಅವನು ಕಳಿಸಿದ ಅಂಕಿಯಿಂದ ಅವಳು ಆ ಹೆಚ್ಚಳವನ್ನು ಕಳೆದಳು; ಬಲ ಸಾಲಲಿಲ್ಲ. ತನ್ನವನೆಂದು ಲೆಕ್ಕ ತಿದ್ದಿದಳೆಂಬ ಮಾತು ಬರಬಾರದೆಂಬ ಹಟ ಬೇರೆ... ತುಂಬಿದ ಸಭೆಯಲ್ಲಿ, ಇವರು ಹೇಳಿದ್ದೆಲ್ಲ ಸುಳ್ಳು ಎಂದುಬಿಟ್ಟಳು.

ಎಂಜಿನ್ ಗುಜರಿ ಸೇರಿತು, ಅವನು ಉಗ್ರಾಣ ಸೇರಿದ. ಮದುವೆ ಮಾತು ಅಲ್ಲಿಗೇ ನಿಂತಿತು.

ಎರಡು ವರ್ಷ ಕಳೆದು, ಇಂದು ಬೆಳಗ್ಗೆ, ಹೊಸ ಎಂಜಿನ್ನಿಗೆ ಹೋಲಿಸಲೆಂದು ಅವಳು ಪರೀಕ್ಷಾ ಕೊಠಡಿಯಿಂದ ಅವನ ಎಂಜಿನ್ ಪರೀಕ್ಷೆಯ ಮೂಲ ಅಂಕಿಗಳನ್ನು ತರಿಸಿದ್ದಳು. ತನ್ನ ಹಳೆಯ ಲೆಕ್ಕದ ಪಕ್ಕ ಇಟ್ಟು ನೋಡಿದಳು. ಅಂದು ಅವನು ಕಳಿಸಿದ್ದು ಚಳಿಯ ಪಾಲನ್ನು ಆಗಲೇ ಕಳೆದ ಅಂಕಿ. ಅವಳು ಅದರಿಂದ ಚಳಿಯ ಪಾಲನ್ನು ಮತ್ತೆ ಕಳೆದಿದ್ದಳು.

“ಭಾಗ ಏನೂ ಬೇಡ,” ಎಂದಳು. “ನಿನ್ನ ಎಂಜಿನ್ ಸರಿಯಾಗಿತ್ತು. ಚಳೀನ ಎರಡು ಸಲ ಕಳೆದವಳು ನಾನು. ನಿರ್ದೇಶಕರಿಗೆ ಎಲ್ಲರ ಎದುರೇ ಹೇಳಿ ಬಂದೆ.”

ಅವನ ಮುಖದಲ್ಲಿ ಅಚ್ಚರಿಯೇ ಇರಲಿಲ್ಲ.

“ಗೊತ್ತಿತ್ತು. ಸಭೆ ಆದ ವಾರದಲ್ಲೇ ಗೊತ್ತಾಯ್ತು.”

“ಗೊತ್ತಿದ್ದೂ... ಯಾಕೆ ಹೇಳಲಿಲ್ಲ?”

“ನೀನಾಗೇ ಬಂದು ಒಂದು ಮಾತು ಕೇಳ್ತೀಯ ಅಂತ ಕಾದೆ. ಆಮೇಲೆ ನಂಗೂ ಹಟ ಬಂತು. ಅಷ್ಟರಲ್ಲಿ ಎಂಜಿನ್ ಗುಜರಿಗೆ ಹೋಗಿತ್ತು.”

ಅವಳಿಗೆ ಕೋಪ ಉಕ್ಕಿತು, ಅವನ ಮೇಲೂ ತನ್ನ ಮೇಲೂ. ಇಬ್ಬರ ಬಿಂಕಕ್ಕೆ ಒಳ್ಳೆಯದೊಂದು ಎಂಜಿನ್ ಬಲಿಯಾಗಿತ್ತು, ಎರಡು ವರ್ಷ ಮಣ್ಣುಪಾಲಾಗಿತ್ತು! ಅಳಬಾರದೆಂದು ಬಂದವಳು ಅತ್ತೇಬಿಟ್ಟಳು.

ಅವನು ಹೊರಗೆ ಬಂದ. ಕಣ್ಣೊರೆಸಲಿಲ್ಲ, ಕೈ ಹಿಡಿಯಲಿಲ್ಲ. ಪಕ್ಕದಲ್ಲಿ ನಿಂತ, ಅಷ್ಟೇ.

“ಕ್ಷಮಿಸ್ತೀಯಾ?”

“ಇವತ್ತೇ ಆಗಲ್ಲ.” ಎಂದ. “ಆದ್ರೆ ಹೋಗ್ಬೇಡ, ದಶಾಂಶ.”

ಆ ಹೆಸರು ಕೇಳಿ ಅವಳಿಗೆ ಮತ್ತೆ ಅಳು ಒತ್ತರಿಸಿ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹೇಳಬೇಕೆಂದಿದ್ದ ಮಾತೆಲ್ಲ ಮರೆತುಹೋಗಿತ್ತು.

“ಊಟ ಆಯ್ತಾ?” ಎಂದಳು.

“ಇನ್ನೂ ಇಲ್ಲ,” ಎಂದ. “ಕೇಳೋಕೆ ಎರಡು ವರ್ಷ ಬೇಕಾಯ್ತಲ್ಲ ನಿಂಗೆ.”