ಹಳೇ ಪಂಪಿನ ಜಗಳ

"ಇದು ನಿಮಗೆ ಬೇಡ."

ಅಷ್ಟೇ ಹೇಳಿ ಬಂದರಿನ ಮೆಕ್ಯಾನಿಕ್ ಅವಳ ಕೈಯಲ್ಲಿದ್ದ ನೀರಿನ ಪಂಪನ್ನು ಕಿತ್ತುಕೊಂಡು ಗುಜರಿ ಅಂಗಡಿಯ ಕಬ್ಬಿಣದ ರಾಶಿಗೆ ಎಸೆದ.

ಅವಳು ಕೆಂಡವಾದಳು. ಅಜ್ಜಿಯ ಹಾಯಿದೋಣಿಯ ಡೀಸೆಲ್ ಎಂಜಿನ್ ಎಷ್ಟು ಹಳೆಯದೆಂದರೆ, ಅದನ್ನು ಮಾಡಿದ ಕಂಪನಿಯೇ ಮುಚ್ಚಿಹೋಗಿತ್ತು. ಬಿಡಿಭಾಗ ಬೇಕೆಂದರೆ ಸತ್ತ ದೋಣಿಗಳ ಹೊಟ್ಟೆಯಲ್ಲಿ ಹುಡುಕಬೇಕು. ಹಾಗೆ ಹುಡುಕಿ ಹುಡುಕಿ ಸಿಕ್ಕ, ಎಂಜಿನ್ ತಂಪಾಗಿಡುವ ಪಂಪು ಅದು... ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ನನಗೆ ಏನು ಬೇಡ ಅಂತ ಹೇಳೋಕೆ ನೀವ್ಯಾರು?"

ಆತನ ಕಿವಿ ಕೆಂಪಾಯಿತು. ತುಟಿ ಅಲುಗಿತು, ಮಾತು ಬರಲಿಲ್ಲ. ತಿರುಗಿ ಹೊರಟೇಬಿಟ್ಟ.

ಅಂಗಡಿಯವನೂ ಪಂಪು ಕೊಡಲು ಒಪ್ಪಲಿಲ್ಲ. "ಬೇಡಮ್ಮ. ನಿಮ್ಮ ಎಂಜಿನ್ನಿನ ಸಾಮಾನು ಏನೇ ಬಂದ್ರೂ ಅವನು ನೋಡದೆ ನಿಮಗೆ ಮಾರಬಾರದಂತೆ. ಬಂದರಿನ ಅಂಗಡಿಗಳಿಗೆಲ್ಲ ಹೇಳಿಟ್ಟಿದ್ದಾನೆ."

ಓಹೋ... ಹೋದಲ್ಲೆಲ್ಲ 'ಇಲ್ಲ, ಇಲ್ಲ' ಎಂಬ ಉತ್ತರ ಸಿಗುತ್ತಿದ್ದದ್ದು ಇದಕ್ಕೇ. ದೋಣಿ ಕೆಟ್ಟು ಕೂತ ಮೇಲೆ ಅಗ್ಗಕ್ಕೆ ಹೊಡೆದುಕೊಳ್ಳುವ ಹುನ್ನಾರವೇ?

ಆ ದೋಣಿಯೇ ಅಜ್ಜಿ, ಮೊಮ್ಮಗಳ ಮನೆ. ಮರುದಿನ ಬೆಳಿಗ್ಗೆ ಬಂದರಿನ ಅಧಿಕಾರಿ ತಪಾಸಣೆಗೆ ಬರುವವನಿದ್ದ. ಸ್ವಂತ ಎಂಜಿನ್ನಿನ ಬಲದಿಂದ ಹೊರಡಲಾಗದ ದೋಣಿಯನ್ನು ದಡಕ್ಕೆಳೆದು ಒಡೆಯುವುದು ಹೊಸ ನಿಯಮ.

"ಆ ಮೆಕ್ಯಾನಿಕ್ ಒಳ್ಳೆ ಹುಡುಗ ಕಣೇ, ಸಿಡುಕಿ," ಎಂದಳು ದೋಣಿಯಲ್ಲಿ ಎಲ್ಲ ಕೇಳಿಸಿಕೊಂಡ ಅಜ್ಜಿ.

"ನೀನೂ ಅವನ ಕಡೆನಾ ಅಜ್ಜಿ?"

"ನಾನು ಎಂಜಿನ್ ಕಡೆ. ನಿಮ್ಮ ತಾತನಿಗಿಂತ ಹೆಚ್ಚು ಕಾಲ ಇದರ ಜೊತೆ ಬಾಳಿದ್ದೀನಿ. ಇದು ಕೆಮ್ಮಿದ್ರೆ ಯಾಕೆ ಅಂತಾದ್ರೂ ಗೊತ್ತಾಗುತ್ತೆ."

ಅವಳಿಗೆ ನಗು ಬರಲಿಲ್ಲ. ಒಡೆದ ತನ್ನ ಹಳೆಯ ಪಂಪನ್ನು ಚೀಲಕ್ಕೆ ತುಂಬಿಕೊಂಡು ನೇರ ಮೆಕ್ಯಾನಿಕ್‌ನ ಶೆಡ್ಡಿಗೆ ನಡೆದಳು. ಅವನ ಮೇಜಿನ ಮೇಲೆ ಅದನ್ನು ಧಡಾರನೆ ಇಟ್ಟಳು.

"ಹೇಳಿ. ನಮ್ಮ ಮನೆ ಒಡೆಸಿ ನಿಮಗೇನು ಸಿಗುತ್ತೆ?"

ಆತ ಬೆಚ್ಚಿಬಿದ್ದ. "ಅಯ್ಯೋ, ಹಾಗಲ್ಲ... ಆ ಪಂಪಿನೊಳಗೆ ತಿರುಗೋ ಶಾಫ್ಟ್ ಪೂರ್ತಿ ಸವೆದಿತ್ತು. ನಡುನೀರಲ್ಲಿ ಪಂಪು ನಿಂತು ಎಂಜಿನ್ ಕಾದು, ನಿಮಗೇನಾದ್ರೂ ಆದ್ರೆ ಅಂತ..."

ಅವಳು ಅವನದೇ ಸ್ಪ್ಯಾನರ್ ತೆಗೆದುಕೊಂಡು ತನ್ನ ಪಂಪಿನ ಬೋಲ್ಟುಗಳನ್ನು ಬಿಚ್ಚಿದಳು. ಒಳಗಿನ ಶಾಫ್ಟನ್ನು ಎಳೆದು ಅವನ ಮೂಗಿನ ಮುಂದೆ ಹಿಡಿದಳು.

"ಸವೆದಿದೆಯಾ?"

"ಇಲ್ಲ... ಚೆನ್ನಾಗಿದೆ."

"ನಮ್ಮದರಲ್ಲಿ ಒಡೆದಿರೋದು ಹೊರಗಿನ ಕವಚ. ನನಗೆ ಬೇಕಿದ್ದದ್ದು ಆ ಪಂಪಿನ ಕವಚ ಒಂದೇ. ಅದರ ಶಾಫ್ಟ್ ನೀವೇ ಇಟ್ಕೊಂಡು ಪೂಜೆ ಮಾಡಬಹುದಿತ್ತು. ಅಷ್ಟೆಲ್ಲ ಅಂಗಡಿಗೆ ಹೇಳೋಕೆ ಬಾಯಿತ್ತು, ನನ್ನನ್ನೊಂದು ಮಾತು ಕೇಳೋಕೆ ಇರಲಿಲ್ವಾ?"

ಆತ ತಲೆ ತಗ್ಗಿಸಿದ. "ಅಂಗಡಿಯವರ ಮುಂದೆ ಮಾತು ಬರುತ್ತೆ. ನಿಮ್ಮ ಮುಂದೆ ಬರಲ್ಲ."

ಅವಳು ಸ್ಪ್ಯಾನರನ್ನು ಈ ಸಲ ಮೆಲ್ಲಗೆ ಮೇಜಿನ ಮೇಲಿಟ್ಟಳು... ಆದರೂ ಸಿಟ್ಟು ಸಿಟ್ಟೇ.

"ಈಗ ಪಂಪು ತಂದ್ಕೊಡಿ. ಮಾತು ಆಮೇಲೆ ನೋಡೋಣ."

ಇಬ್ಬರೂ ಓಡಿದರು. ಗುಜರಿಯನ್ನು ಆಗಲೇ ಕರಗಿಸಲು ಸಾಗಿಸುವ ಲಾರಿಗೆ ತುಂಬಿಯಾಗಿತ್ತು. ಆತ ಲಾರಿ ಹತ್ತಿ ತುಕ್ಕು ಹಿಡಿದ ತಗಡು, ಸರಪಳಿಗಳನ್ನೆಲ್ಲ ಬಗೆದ. ಕೈ ಗೀರಿ ರಕ್ತ ಬಂತು.

"ಎಸೆಯುವಾಗ ಎಷ್ಟು ಸಲೀಸಾಗಿತ್ತು ಅಲ್ವಾ?" ಕೆಳಗಿನಿಂದ ಕೇಳಿದಳು.

"ಬೈಯಿರಿ. ಬೈದ್ರೆ ಬೇಗ ಸಿಗುತ್ತೆ."

ಸಿಕ್ಕಿತು. ಅವಳು ಮೊದಲು ತನ್ನ ಕರವಸ್ತ್ರ ಹರಿದು ಅವನ ಕೈಗೆ ಕಟ್ಟಿದಳು, ತುಸು ಬಿಗಿಯಾಗಿಯೇ. ಆಮೇಲೆ ಪಂಪು ನೋಡಿದಳು.

ಬೆಳಿಗ್ಗೆ ಅಧಿಕಾರಿ ದೋಣಿ ಕಟ್ಟುವ ದಕ್ಕೆಯ ಮೇಲೆ ಕಾಯುತ್ತಿದ್ದಂತೆ ಎಂಜಿನ್ ಒಮ್ಮೆ ಗೊರಗೊರ ಎಂದು, ಕಪ್ಪು ಹೊಗೆ ಕಾರಿ, ನಡೆಯತೊಡಗಿತು. ಹಿಂಬದಿಯ ಕೊಳವೆಯಿಂದ ನೀರು ಚಿಮ್ಮಿತು. ರಾತ್ರಿ ಜೋಡಿಸಿದ ಕವಚದಿಂದ ಒಂದು ಹನಿಯೂ ಸೋರಲಿಲ್ಲ. ಅಧಿಕಾರಿ ಹೊರಡಿ ಎಂದು ಕೈಬೀಸಿದ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಈ ಹುಡುಗನ ಮನಸ್ಸು ಬಂದರಿಗೆಲ್ಲ ಗೊತ್ತು. ಗೊತ್ತಿಲ್ಲದವಳು ನೀನೊಬ್ಬಳೇ," ಎಂದಳು.

ಅವಳು ಸರ್ರನೆ ಅವನತ್ತ ತಿರುಗಿದಳು. "ಅದನ್ನೂ ನನ್ನೊಬ್ಬಳನ್ನ ಬಿಟ್ಟು ಎಲ್ಲರಿಗೂ ಹೇಳಿದ್ರಾ?"

ದಕ್ಕೆಯ ಮೇಲಿದ್ದ ಆತ ಏನೋ ಗೊಣಗಿದ. ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. "ಒಂದ್ನಿಮಿಷ ಅದನ್ನ ಆರಿಸಿ," ಎಂದು ಸನ್ನೆ ಮಾಡಿದ.

"ಆರಿಸಲ್ಲ. ಜೋರಾಗಿ ಹೇಳಿ."

ಆತ ಕಣ್ಣು ಮುಚ್ಚಿ ಕೂಗಿದ. "ನನ್ನನ್ನ ಮದುವೆ ಆಗ್ತೀರಾ?"

ಅಧಿಕಾರಿ ಪೆನ್ನು ಹಿಡಿದವನು ಹಾಗೇ ನಿಂತ. ಅವಳ ಕೆನ್ನೆ ಬಿಸಿಯಾಯಿತು. ಅಂತೂ ಕೇಳಿದ... ತನ್ನನ್ನೇ ಕೇಳಿದ.

"ಯೋಚನೆ ಮಾಡ್ತೀನಿ."

"ಎಲ್ಲಿವರೆಗೆ?"

ನಗು ಮುಚ್ಚಿಟ್ಟುಕೊಳ್ಳಲು ಅವಳು ಚುಕ್ಕಾಣಿಯತ್ತ ಬಾಗಿದಳು.

"ಬಂದರಿನ ಬಾಯಿ ದಾಟೋವರೆಗೆ. ಹಗ್ಗ ಬಿಚ್ಚಿ, ಬೇಗ ಹತ್ಕೋ."